ಬೇಸ್ ಗಿಟಾರಿನ ವೇಗವೂ ನಮ್ಮ ಕಿವಿಯೂ

ಪ್ರಸಿದ್ಧ ವಾದ್ಯತಂಡಗಳ ಹಾಡುಗಳನ್ನು ಕಲಿತು ವೇದಿಕೆಯ ಮೇಲೆ ನುಡಿಸುವ ತಂಡಗಳಿಗೆ ಕವರ್ ಬ್ಯಾಂಡ್ ಎಂದು ಹೆಸರು. ಕಾಲೇಜುಗಳ ವಾರ್ಷಿಕೋತ್ಸವಗಳಲ್ಲಿ ಇಂತಹ ತಂಡಗಳನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿರಬಹುದು. ಕೆಲವರು ಅವುಗಳಲ್ಲಿ ನುಡಿಸುತ್ತಲೂ ಇರಬಹುದು. ಇಲ್ಲಿ ಬೇಸ್ ಗಿಟಾರ್ ಹಿಡಿದವರಿಗೆ ಒಂದು ತೊಡಕು ಬೇಗನೆ ಎದುರಾಗುತ್ತದೆ. ಮೂಲ ವಾದಕನು ವರ್ಷಗಟ್ಟಲೆ ಸಾಧನೆಯಿಂದ ಗಳಿಸಿದ ವೇಗ ಅವರ ಬೆರಳಿಗೆ ಇನ್ನೂ ಬಂದಿಲ್ಲ. ಕಾರ್ಯಕ್ರಮಕ್ಕೆ ಉಳಿದಿರುವುದೋ ಹದಿನೈದು ದಿನ. ಎಲ್ಲ ಸ್ವರಗಳನ್ನೂ ನುಡಿಸಲು ಹೋದರೆ ಕೈ ಸೋತು ಲಯ ಜಾರುತ್ತದೆ; ಅದರೊಡನೆ ಇಡೀ ತಂಡವೇ ಜಾರುತ್ತದೆ. ಕೆಲವು ಸ್ವರಗಳನ್ನು ಬಿಟ್ಟರೆ ಹಾಡಿಗೆ ಅನ್ಯಾಯವಾಗುತ್ತದೆಯೆ? ಬಿಡುವುದಾದರೆ ಯಾವುವನ್ನು ಬಿಡಬೇಕು? ಈ ಪ್ರಶ್ನೆಗಳಿಗೆ ಭೌತಶಾಸ್ತ್ರವು ಕೊಡುವ ಉತ್ತರವನ್ನು ಪರಿಶೀಲಿಸೋಣ.

ವಾದ್ಯದ ಸ್ವರೂಪ

ಅಮೆರಿಕದ ಲಿಯೊ ಫೆಂಡರ್ 1951ರಲ್ಲಿ ಮಾರಾಟಕ್ಕೆ ತಂದ ‘ಪ್ರಿಸಿಷನ್ ಬೇಸ್’ ಎಂಬ ವಾದ್ಯದಿಂದ ವಿದ್ಯುತ್ ಬೇಸ್ ಗಿಟಾರಿನ ಬಳಕೆ ವ್ಯಾಪಕವಾಯಿತು. ಅದರ ತಂತಿಯ ಕಂಪಿಸುವ ಉದ್ದ 34 ಅಂಗುಲ, ಎಂದರೆ ಸುಮಾರು 86 ಸೆಂಟಿಮೀಟರ್. ಇಂದಿಗೂ ಹೆಚ್ಚಿನ ಬೇಸ್ ಗಿಟಾರುಗಳಲ್ಲಿ ಇದೇ ಅಳತೆಯನ್ನು ಕಾಣುತ್ತೇವೆ. ತಂತಿ ಉದ್ದವಾದಷ್ಟೂ ಮೆಟ್ಟಿಲುಗಳ ನಡುವಿನ ಅಂತರ ಹೆಚ್ಚು. ಒಂದನೆಯ ಮೆಟ್ಟಿಲಿನಿಂದ ನಾಲ್ಕನೆಯದಕ್ಕೆ ಸುಮಾರು 13 ಸೆಂಟಿಮೀಟರ್ ಬೆರಳು ಚಾಚಬೇಕು. ತಂತಿಗಳೂ ದಪ್ಪ. ವೇಗಕ್ಕೆ ಇವೆರಡೂ ಅಡ್ಡಿ.

ನಾಲ್ಕು ತಂತಿಗಳಲ್ಲಿ ಅತ್ಯಂತ ದಪ್ಪನೆಯದು ‘ಇ’ ಎಂಬ ಸ್ವರಕ್ಕೆ ಶ್ರುತಿಗೊಂಡಿರುತ್ತದೆ. ಅದು ಸೆಕೆಂಡಿಗೆ 41.2 ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಕುದುರೆಯ ನಾಗಾಲೋಟ

ಲಂಡನ್ನಿನ ಐರನ್ ಮೇಡನ್ ತಂಡದ ‘ದಿ ಟ್ರೂಪರ್’ 1983ರಲ್ಲಿ ಹೊರಬಂದ ಹಾಡು. ಯುದ್ಧಭೂಮಿಯ ಅಶ್ವಸೈನಿಕನೊಬ್ಬನ ಕುರಿತದ್ದು. ಇದನ್ನು ರಚಿಸಿದವನು ತಂಡದ ಬೇಸ್ ವಾದಕನಾದ ಸ್ಟೀವ್ ಹ್ಯಾರಿಸ್. 2007ರಲ್ಲಿ ಈ ತಂಡವು ಬೆಂಗಳೂರಿನ ಅರಮನೆ ಮೈದಾನದಲ್ಲಿಯೂ ನುಡಿಸಿತು. ಈ ಹಾಡಿನಲ್ಲಿ ಮತ್ತೆ ಮತ್ತೆ ಬರುವ ನಡೆ ಕುದುರೆಯ ನಾಗಾಲೋಟವನ್ನು ಹೋಲುತ್ತದೆ: ಒಂದು ಏಟಿನ ಕಾಲದಲ್ಲಿ ಮೊದಲು ಅರ್ಧ ಏಟಿನ ಒಂದು ಸ್ವರ, ಅನಂತರ ಕಾಲು ಏಟಿನ ಎರಡು ಸ್ವರಗಳು. ಹಾಡಿನ ವೇಗ ಮಿನಿಟಿಗೆ ಸುಮಾರು 160 ಏಟು. ಏಟಿಗೆ ಮೂರರಂತೆ ಸೆಕೆಂಡಿಗೆ ಎಂಟು ಸಲ ತಂತಿಯನ್ನು ಮೀಟಬೇಕು. ಹ್ಯಾರಿಸ್ ಇದನ್ನು ಮೀಟುಗಡ್ಡಿಯ ನೆರವಿಲ್ಲದೆ ಬರಿಬೆರಳಿನಿಂದಲೇ ನುಡಿಸುತ್ತಾನೆ. ಅಭ್ಯಾಸವಿಲ್ಲದ ಕೈ ಇಂತಹ ನಡೆಯಲ್ಲಿ ಬೇಗನೆ ಬಿಗಿದುಕೊಳ್ಳುತ್ತದೆ.

ಕಿವಿ ಎಷ್ಟನ್ನು ಹಿಡಿಯಬಲ್ಲದು?

160ರ ವೇಗದಲ್ಲಿ ಕಾಲು ಏಟಿನ ಸ್ವರವು ಬಾಳುವುದು 0.094 ಸೆಕೆಂಡು ಮಾತ್ರ. ಅಷ್ಟರಲ್ಲಿ ‘ಇ’ ತಂತಿಯು ನಾಲ್ಕು ಕಂಪನಗಳನ್ನೂ ಪೂರೈಸಲಾರದು! ನಾಲ್ಕು ಹೆಜ್ಜೆಯನ್ನೂ ಇಡದವನ ನಡಿಗೆಯನ್ನು ಗುರುತಿಸುವುದು ಹೇಗೆ ಕಷ್ಟವೋ ಹಾಗೆಯೇ ಇಷ್ಟು ಕಿರಿದಾದ ನಾದದ ಶ್ರುತಿಯನ್ನು ನಿರ್ಧರಿಸುವುದೂ ಕಷ್ಟ.

ಇದನ್ನು ಗಣಿತದ ರೂಪದಲ್ಲಿ 1946ರಲ್ಲಿ ವಿವರಿಸಿದವನು ಡೆನಿಸ್ ಗೇಬರ್. ಮುಂದೆ ಹಾಲೊಗ್ರಫಿಗಾಗಿ 1971ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವನು. ನಾದದ ಅವಧಿ ಕಿರಿದಾದಷ್ಟೂ ಅದರ ಕಂಪನಸಂಖ್ಯೆ ಹರಡಿಕೊಳ್ಳುತ್ತದೆ. ಸ್ಥೂಲವಾಗಿ, 1ನ್ನು ಅವಧಿಯಿಂದ ಭಾಗಿಸಿದರೆ ಹರಹು ದೊರೆಯುತ್ತದೆ. 0.094 ಸೆಕೆಂಡಿನ ನಾದಕ್ಕೆ ಇದು ಸುಮಾರು 10.7 ಕಂಪನ. ಆದರೆ ‘ಇ’ ಸ್ವರಕ್ಕೂ ಅದರ ಮುಂದಿನ ‘ಎಫ್’ ಸ್ವರಕ್ಕೂ ಇರುವ ಅಂತರ ಕೇವಲ 2.5 ಕಂಪನ!

ಹಾಗಾದರೆ ವೇಗದ ಬೇಸ್ ನಮಗೆ ಕೇಳಿಸುವುದಾದರೂ ಹೇಗೆ? ತಂತಿಯು ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳ ಮೇಲ್ಸ್ವರಗಳನ್ನೂ ಹೊರಡಿಸುತ್ತದೆ. ಎಂಟನೆಯ ಮೇಲ್ಸ್ವರದಲ್ಲಿ ಮೇಲಿನ ಅಂತರವೂ ಎಂಟರಷ್ಟಾಗಿ ಸುಮಾರು 20 ಕಂಪನಗಳಿಗೆ ಏರುತ್ತದೆ. ಆಗ ಕಿವಿಗೆ ಆಧಾರ ಸಿಕ್ಕಿತು. ದೊಡ್ಡ ಸಭಾಂಗಣದಲ್ಲಿ ಈ ಆಧಾರವೂ ಸಡಿಲಗೊಳ್ಳುತ್ತದೆ. ಪರದೆಗಳೂ ಜನರ ಬಟ್ಟೆಬರೆಗಳೂ ಹೀರುವುದು ಮುಖ್ಯವಾಗಿ ತಾರನಾದವನ್ನು. ಮಂದ್ರನಾದವು ಬರಿಯ ಗೋಡೆಗಳ ನಡುವೆ ಅನುರಣಿಸುತ್ತ ಹಿಂದಿನ ಸ್ವರವನ್ನು ಮುಂದಿನದರ ಮೇಲೆ ಎಳೆದು ತರುತ್ತದೆ. ಬೆವರು ಸುರಿಸಿ ಮೀಟಿದ ಎಂಟು ಸ್ವರಗಳು ಹಿಂದಿನ ಸಾಲಿನವರಿಗೆ ಒಂದೇ ಗುಡುಗಾಗಿ ಕೇಳಿಸಬಹುದು.

ಸರಳಗೊಳಿಸುವ ಬಗೆ

ಏಟಿನ ಮೇಲೆ ಬೀಳುವ ಸ್ವರವನ್ನು ಎಂದಿಗೂ ಬಿಡಬಾರದು; ಡ್ರಮ್ಮಿನ ಕಾಲೇಟಿನೊಡನೆ ಅದು ಕೂಡಬೇಕು. ನಾಗಾಲೋಟದ ನಡೆಯಲ್ಲಿ ಏಟಿಗೆ ಮೂರರ ಬದಲು ಸಮವಾದ ಎರಡು ಸ್ವರಗಳನ್ನು ನುಡಿಸಬಹುದು. ಆಗ ಮಿನಿಟಿಗೆ 480 ಮೀಟುಗಳು 320ಕ್ಕೆ ಇಳಿಯುತ್ತವೆ. ಪ್ರತಿ ಸ್ವರವೂ ಅರ್ಧ ಏಟು ಬಾಳುವುದರಿಂದ ಹರಹು ಸುಮಾರು 5.3 ಕಂಪನಗಳಿಗೆ ತಗ್ಗಿ ಶ್ರುತಿ ಸ್ಪಷ್ಟವಾಗುತ್ತದೆ. ಗಿಟಾರುಗಳೂ ಅದೇ ನಡೆಯನ್ನು ನುಡಿಸುತ್ತಿದ್ದರೆ ಕುದುರೆಯ ಓಟ ಅಲ್ಲಿ ಉಳಿದೇ ಇರುತ್ತದೆ. ಇದು ತೀರ ಸಪ್ಪೆಯೆನಿಸಿದರೆ ಒಂದು ಮತ್ತು ಮೂರನೆಯ ಏಟುಗಳಲ್ಲಿ ಮಾತ್ರ ಪೂರ್ಣ ನಡೆಯನ್ನು ಇಟ್ಟುಕೊಳ್ಳಬಹುದು.

ಸ್ವರಗಳು ಏರಿಳಿಯುವ ಓಟದಲ್ಲಿ ಬೇರೆ ಉಪಾಯ ಬೇಕು. ‘ಸ ರಿ ಗ ಮ ಪ ಮ ಗ ರಿ’ ಎಂದು ಓಡಿ ಮತ್ತೆ ‘ಸ’ಕ್ಕೆ ಬರುವ ಪಂಕ್ತಿಯೊಂದು ಇದೆಯೆನ್ನೋಣ. ಒಂದು ಬಿಟ್ಟು ಒಂದನ್ನು ತೆಗೆದರೆ ‘ಸ ಗ ಪ ಗ’ ಉಳಿಯುತ್ತದೆ. ಪಾಶ್ಚಾತ್ಯ ಸಂಗೀತದ ಸ್ವರಮೇಳಕ್ಕೆ ಸ, ಗ, ಪಗಳೇ ಆಧಾರ. ಆದುದರಿಂದ ಓಟದ ಮೈ ತೆಳುವಾದರೂ ಎಲುಬು ಮುರಿಯುವುದಿಲ್ಲ. ಏಟಿನ ಮೇಲೆ ಬೀಳುವ ಸ್ವರ ಮೇಳಕ್ಕೆ ಸೇರದಿದ್ದಲ್ಲಿ ಮಾತ್ರ ಈ ಲೆಕ್ಕವನ್ನು ಕಣ್ಣುಮುಚ್ಚಿ ಅನುಸರಿಸದೆ ಕಿವಿಯಿಂದ ಆರಿಸಬೇಕು.

ಎಲ್ಲಿ ಸಲ್ಲದು?

ಬೇಸ್ ಗಿಟಾರೇ ಹಾಡಿನ ರಾಗವನ್ನು ಹೊತ್ತಿರುವಲ್ಲಿ ಈ ಕತ್ತರಿ ಸಲ್ಲದು. ವೆದರ್ ರಿಪೋರ್ಟ್ ತಂಡವು 1977ರಲ್ಲಿ ಹೊರತಂದ, ಜಾಕೊ ಪಾಸ್ಟೋರಿಯಸನ ‘ಟೀನ್ ಟೌನ್’ ಅಂತಹುದು. ಅಲ್ಲಿ ಸ್ವರವನ್ನು ಬಿಟ್ಟರೆ ಕೃತಿಯನ್ನೇ ಬಿಟ್ಟಂತೆ. ಕೈಗೆ ಎಟುಕುವವರೆಗೆ ನಿಧಾನವಾಗಿ ಅಭ್ಯಾಸ ಮಾಡುವುದು, ಇಲ್ಲವೆ ಬೇರೆ ಹಾಡನ್ನು ಆರಿಸುವುದು, ಇವೆರಡೇ ದಾರಿ. ಮಣಿಕಟ್ಟು ನೋಯತೊಡಗಿದರೆ ಯಾವ ಹಾಡಾದರೂ ನಿಲ್ಲಿಸಬೇಕು. ನೋವಿನ ಮೇಲೆ ನುಡಿಸಿ ವೇಗ ಗಳಿಸಲಾಗದು.

ಇದನ್ನು ವಾಚಕರು ತಾವೇ ಪರೀಕ್ಷಿಸಬಹುದು. ಸಭಾಂಗಣದ ಕೊನೆಯ ಸಾಲಿನಲ್ಲಿ ಮೊಬೈಲನ್ನಿಟ್ಟು, ಇಡೀ ತಂಡದೊಡನೆ ಪೂರ್ಣಪಾಠವನ್ನೂ ಸರಳಪಾಠವನ್ನೂ ಒಂದೊಂದು ಸಲ ನುಡಿಸಿ ಮುದ್ರಿಸಿಕೊಳ್ಳಿರಿ. ಯಾವುದು ಯಾವುದೆಂದು ಹೇಳದೆ ಗೆಳೆಯರಿಗೆ ಕೇಳಿಸಿ, ಲಯ ಯಾವುದರಲ್ಲಿ ಗಟ್ಟಿಯಾಗಿದೆಯೆಂದು ವಿಚಾರಿಸಿರಿ. ವೇದಿಕೆಯ ಮೇಲೆ ನುಡಿಸಬೇಕಾದ ಪಾಠ ಅದೇ.