ವಾಹನದ ಧ್ವನಿಯಂತ್ರಕ್ಕೆ ಎರಡನೆಯ ಬ್ಯಾಟರಿ: ಹಳೆಯ ಏರ್ಪಾಡೊಂದರ ಪುನರಾಗಮನ

ಚರಿತ್ರೆಯ ವಿಭಾಗದ ಸಂಶೋಧನ ಸಂಚಿಕೆಯಲ್ಲಿ ಮೋಟಾರು ವಾಹನದ ಬ್ಯಾಟರಿಯ ವಿಚಾರವೇಕೆ ಬಂದಿತೆಂದು ವಾಚಕರು ಆಶ್ಚರ್ಯಪಡಬಹುದು. ಶಾಸನಗಳನ್ನೂ ಕಡತಗಳನ್ನೂ ಓದುವಂತೆಯೇ, ಜನರ ನಾಲಗೆಯ ಮೇಲೆ ಉಳಿದಿರುವ ಹಾಡು, ಕಥನ, ನೆನಪುಗಳನ್ನು ಸಂಗ್ರಹಿಸುವುದೂ ಚರಿತ್ರಕಾರನ ಕರ್ತವ್ಯಗಳಲ್ಲೊಂದು. ಹಿಂದೆ ಮುದ್ರಿಸಿಕೊಂಡ ಹಾಡುಗಳನ್ನು ಊರಿನ ಹಿರಿಯರಿಗೆ ಕೇಳಿಸಿ, ಅವುಗಳಲ್ಲಿ ಬರುವ ವ್ಯಕ್ತಿಗಳನ್ನೂ ಸ್ಥಳಗಳನ್ನೂ ಗುರುತಿಸಿಕೊಳ್ಳುವ ಕ್ರಮವನ್ನು ನಾವು ಅನುಸರಿಸುತ್ತ ಬಂದಿದ್ದೇವೆ. ಇದಕ್ಕಾಗಿ ನಮ್ಮ ವಾಹನದಲ್ಲಿ ಆಂಪ್ಲಿಫೈಯರನ್ನೂ ಸ್ಪೀಕರುಗಳನ್ನೂ ಜೋಡಿಸಲಾಗಿದೆ.

ಚಳಿಗಾಲದ ಒಂದು ಸಂಜೆ ಮಲೆನಾಡಿನ ಹಳ್ಳಿಯೊಂದಕ್ಕೆ, ಎಂಬತ್ತು ದಾಟಿದ ಹಾಡುಗಾರರೊಬ್ಬರನ್ನು ನೆರೆಯೂರಿನಿಂದ ಕರೆತಂದಿದ್ದೆವು. ಎಂಜಿನಿನ ಸದ್ದು ಹಾಡಿಗೆ ಅಡ್ಡಿಯಾಗುವುದೆಂದು ಅದನ್ನು ನಿಲ್ಲಿಸಿ, ಸುಮಾರು ನಾಲ್ಕು ಗಂಟೆಗಳ ಕಾಲ ಹಳೆಯ ಮುದ್ರಣಗಳನ್ನು ಕೇಳಿಸಿದೆವು. ತೀರಿಹೋದ ತಮ್ಮ ಗುರುಗಳ ಕಂಠವನ್ನು ಗುರುತಿಸಿ ಆ ಹಿರಿಯರು ಮಾತನಾಡತೊಡಗಿದ ಗಳಿಗೆಯಲ್ಲಿಯೇ ಯಂತ್ರವು ಮೂಕವಾಯಿತು. ವಾಹನವೂ ಹೊರಡಲಿಲ್ಲ. ರಾತ್ರಿ ಮನೆಗೆ ತಲಪಿಸುತ್ತೇವೆಂದು ಮಾತು ಕೊಟ್ಟಿದ್ದ ನಾವು, ಅವರನ್ನು ಅಪರಿಚಿತರ ಮನೆಯ ಜಗಲಿಯಲ್ಲಿ ಕಂಬಳಿ ಹೊದಿಸಿ ಮಲಗಿಸಬೇಕಾಯಿತು. ಅವರು ಆಕ್ಷೇಪಿಸಲಿಲ್ಲವೆಂಬುದರಿಂದ ನಮ್ಮ ತಪ್ಪು ಕಡಮೆಯಾಗುವುದಿಲ್ಲ. ಅಂಥ ರಾತ್ರಿ ಮರುಕಳಿಸಬಾರದೆಂಬುದೇ ಈ ಲೇಖನಕ್ಕೆ ಪ್ರೇರಣೆ.

ಮೊದಲು ಈ ಏರ್ಪಾಡಿನ ಇತಿಹಾಸವನ್ನು ಸಂಗ್ರಹವಾಗಿ ನೋಡಬಹುದು. ಸೀಸ ಮತ್ತು ಗಂಧಕಾಮ್ಲಗಳ ಬ್ಯಾಟರಿಯನ್ನು 1859ರಲ್ಲಿ ರೂಪಿಸಿದವನು ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ. ಅಮೆರಿಕದ ಚಾರ್ಲ್ಸ್ ಕೆಟರಿಂಗನ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಬಂದ ಮೇಲೆ, ಹ್ಯಾಂಡಲು ತಿರುಗಿಸಿ ಎಂಜಿನನ್ನು ಹೊರಡಿಸುವ ಕಷ್ಟ ಕ್ರಮೇಣ ತಪ್ಪಿತು. ಬ್ಯಾಟರಿಗೆ ವಾಹನದಲ್ಲಿ ಸ್ಥಿರವಾದ ಸ್ಥಾನ ದೊರೆಯಿತು. ಆದರೆ ಅದು ದೊರೆತುದು ಎಂಜಿನಿನ ಸೇವೆಗೇ ಹೊರತು ಸಂಗೀತದ ಸೇವೆಗಲ್ಲ. 1920ರ ದಶಕದಲ್ಲಿ ಕಾರಿಗೆ ರೇಡಿಯೋ ಬಂದಾಗ, ಅದರ ವಾಲ್ವುಗಳು ಬೇಡುತ್ತಿದ್ದ ಹೆಚ್ಚಿನ ವೋಲ್ಟೇಜನ್ನು ಕಾರಿನ ಬ್ಯಾಟರಿಯು ಕೊಡಲಾರದೆ ಹೋಯಿತು. ಆದುದರಿಂದ ರೇಡಿಯೋ ತನಗೆ ಬೇಕಾದ ಬ್ಯಾಟರಿಗಳನ್ನು ತಾನೇ ಹೊತ್ತು ತಂದಿತು. 1930ರ ದಶಕದಲ್ಲಿ ವೈಬ್ರೇಟರೆಂಬ ಸಾಧನವು ಕಾರಿನ ಬ್ಯಾಟರಿಯಿಂದಲೇ ಹೆಚ್ಚಿನ ವೋಲ್ಟೇಜನ್ನು ಪಡೆಯುವ ಮಾರ್ಗವನ್ನು ತೆರೆಯಿತು. 1950ರ ದಶಕದಲ್ಲಿ ಟ್ರಾನ್ಸಿಸ್ಟರು ರೇಡಿಯೋವಿನ ಹಸಿವನ್ನೇ ಕುಗ್ಗಿಸಿತು. ಹೀಗೆ ಒಂದೇ ಬ್ಯಾಟರಿ ಸಾಕೆನಿಸಿದ ಕಾಲ ಬಂದಿತು. ದೊಡ್ಡ ಆಂಪ್ಲಿಫೈಯರುಗಳು ಬಂದಾಗ ಹಸಿವು ಮತ್ತೆ ಬೆಳೆಯಿತು. ಆದುದರಿಂದ ಎರಡನೆಯ ಬ್ಯಾಟರಿಯೆಂಬುದು ನೂತನವಾದ ಆಡಂಬರವಲ್ಲ. ಹೊರಡಿಸುವ ಕೆಲಸವನ್ನೂ ನುಡಿಸುವ ಕೆಲಸವನ್ನೂ ಬೇರೆಬೇರೆಯಾಗಿರಿಸಿದ್ದ ಹಳೆಯ ವಿವೇಕವು ಮರಳಿ ಬಂದುದು.

ಈ ಎರಡು ಕೆಲಸಗಳ ಸ್ವಭಾವವೇ ಬೇರೆ. ಸ್ಟಾರ್ಟರು ನೂರಾರು ಆಂಪಿಯರುಗಳನ್ನು ಕೆಲವೇ ಸೆಕೆಂಡುಗಳ ಕಾಲ ಬೇಡುತ್ತದೆ. ಅದಕ್ಕೆಂದೇ ಸಾಮಾನ್ಯ ಬ್ಯಾಟರಿಯಲ್ಲಿ ತೆಳುವಾದ ಫಲಕಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ. ಇದನ್ನು ಪದೇ ಪದೇ ಪೂರ್ತಿಯಾಗಿ ಬರಿದು ಮಾಡಿದರೆ ಬೇಗನೆ ಕೆಡುತ್ತದೆ. ಆಂಪ್ಲಿಫೈಯರಾದರೋ ಮಿತವಾದ ವಿದ್ಯುತ್ತನ್ನು ಗಂಟೆಗಟ್ಟಲೆ ಬೇಡುತ್ತದೆ. ಅದಕ್ಕೆ ದಪ್ಪ ಫಲಕಗಳುಳ್ಳ ‘ಡೀಪ್ ಸೈಕಲ್’ ಬ್ಯಾಟರಿಯೇ ಯೋಗ್ಯ. ನಮ್ಮ ಯಂತ್ರವು ಸರಾಸರಿ 12 ಆಂಪಿಯರುಗಳನ್ನು ಎಳೆಯುತ್ತದೆ. ನಾಲ್ಕು ಗಂಟೆಗಳಲ್ಲಿ ಇದು 48 ಆಂಪಿಯರ್-ಗಂಟೆಯಾಗುತ್ತದೆ. ವಾಹನದ ಬ್ಯಾಟರಿಯ ಒಟ್ಟು ಸಾಮರ್ಥ್ಯವೇ 60 ಆಂಪಿಯರ್-ಗಂಟೆ. ಇಷ್ಟು ಲೆಕ್ಕವನ್ನು ಮೊದಲೇ ಮಾಡಿದ್ದರೆ ಆ ರಾತ್ರಿಯ ಫಲಿತಾಂಶವು ಅಂದಿನ ಹಗಲಿನಲ್ಲಿಯೇ ತಿಳಿಯುತ್ತಿತ್ತು. ಸೀಸದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ವ್ಯಯಮಾಡದಿರುವುದು ಲೇಸೆಂಬ ನಿಯಮದಂತೆ, ಎರಡನೆಯದು 100 ಆಂಪಿಯರ್-ಗಂಟೆಯದಾಗಿರಬೇಕೆಂದು ನಿಶ್ಚಯಿಸಿದೆವು.

ಎರಡು ಬ್ಯಾಟರಿಗಳನ್ನು ತಂತಿಯಿಂದ ಸುಮ್ಮನೆ ಕೂಡಿಸಿಬಿಟ್ಟರೆ ಪ್ರಯೋಜನವಿಲ್ಲ. ಎರಡೂ ಒಟ್ಟಿಗೇ ಬರಿದಾಗುತ್ತವೆ. ಎಂಜಿನು ಓಡುವಾಗ ಕೂಡಿರಬೇಕು, ನಿಂತಾಗ ಅಗಲಿರಬೇಕು: ಸಮಸ್ತ ಜೋಡಣೆಯ ಸಾರವಿಷ್ಟೆ. ಎಂಜಿನು ಓಡುವಾಗ ಆಲ್ಟರ್ನೇಟರು ವೋಲ್ಟೇಜನ್ನು ಸಾಮಾನ್ಯವಾಗಿ 13.8ರಿಂದ 14.4ರವರೆಗೆ ಏರಿಸುತ್ತದೆ, ಪೂರ್ತಿ ತುಂಬಿದ ಬ್ಯಾಟರಿಯು ವಿಶ್ರಾಂತಿಯಲ್ಲಿರುವಾಗ ಸುಮಾರು 12.7 ವೋಲ್ಟನ್ನು ತೋರಿಸುತ್ತದೆ. ಈ ಅಂತರವನ್ನು ಗ್ರಹಿಸುವ ರಿಲೇಯೊಂದನ್ನು ನಡುವೆ ಇರಿಸಿದರೆ, ಅದು ಸುಮಾರು 13.3 ವೋಲ್ಟಿನಲ್ಲಿ ಎರಡನ್ನೂ ಕೂಡಿಸಿ, 12.8ರ ಸುಮಾರಿಗೆ ಬೇರ್ಪಡಿಸುತ್ತದೆ. ಆಲ್ಟರ್ನೇಟರಿನ ವೋಲ್ಟೇಜನ್ನು ಕಂಪ್ಯೂಟರು ಏರಿಳಿಸುವ ಇತ್ತೀಚಿನ ವಾಹನಗಳಲ್ಲಿಯೂ, ಎರಡನೆಯದು ಲಿಥಿಯಂ ಬ್ಯಾಟರಿಯಾಗಿರುವಲ್ಲಿಯೂ ಇಂಥ ರಿಲೇ ಸಾಲದು. ಆಯಾ ಬ್ಯಾಟರಿಗೆ ಒಪ್ಪುವ ಡಿ.ಸಿ.-ಡಿ.ಸಿ. ಚಾರ್ಜರು ಅವಶ್ಯ.

ಜೋಡಣೆಯ ಕ್ರಮ ಹೀಗಿದೆ. ಮೊದಲು ಮುಖ್ಯ ಬ್ಯಾಟರಿಯ ಋಣಾಗ್ರವನ್ನು ಬಿಚ್ಚಬೇಕು. ಕೆಲಸವೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಅದನ್ನು ಕೂಡಿಸಬೇಕು. ಮುಖ್ಯ ಬ್ಯಾಟರಿಯ ಧನಾಗ್ರದಿಂದ ಹೊರಟ ಕೇಬಲ್ಲು ಫ್ಯೂಸನ್ನೂ ರಿಲೇಯನ್ನೂ ಹಾದು, ಮತ್ತೊಂದು ಫ್ಯೂಸಿನ ಮೂಲಕ ಎರಡನೆಯದರ ಧನಾಗ್ರವನ್ನು ಸೇರಬೇಕು. ಎರಡು ಫ್ಯೂಸುಗಳೇಕೆಂದರೆ, ಈ ಕೇಬಲ್ಲಿನ ಎರಡು ತುದಿಗಳಲ್ಲಿಯೂ ವಿದ್ಯುತ್ತಿನ ಮೂಲವಿದೆ; ನಡುವೆ ಎಲ್ಲಿ ಲೋಹಕ್ಕೆ ತಗಲಿದರೂ ಎರಡು ಕಡೆಯಿಂದಲೂ ಬೆಂಕಿಗೆ ದಾರಿಯಾಗುತ್ತದೆ. ಪ್ರತಿಯೊಂದು ಫ್ಯೂಸೂ ತನ್ನ ಬ್ಯಾಟರಿಯಿಂದ ಒಂದು ಗೇಣಿನೊಳಗಿರಬೇಕು. ಅದರ ಪ್ರಮಾಣವು ಕೇಬಲ್ಲು ತಾಳುವ ಪ್ರಮಾಣವನ್ನು ಮೀರಬಾರದು. ಆಂಪ್ಲಿಫೈಯರಿಗೆ ಎರಡನೆಯ ಬ್ಯಾಟರಿಯಿಂದ ಮಾತ್ರ, ಪ್ರತ್ಯೇಕ ಫ್ಯೂಸಿನ ಮೂಲಕ, ವಿದ್ಯುತ್ತನ್ನು ಕೊಡಬೇಕು. ಎರಡನೆಯ ಬ್ಯಾಟರಿಯ ಋಣಾಗ್ರವನ್ನು ಬಣ್ಣ ಕೆರೆದ ಶುದ್ಧ ಲೋಹಕ್ಕೆ, ಅಷ್ಟೇ ದಪ್ಪದ ಕೇಬಲ್ಲಿನಿಂದ ಬಿಗಿಯಬೇಕು.

ಕೇಬಲ್ಲಿನ ದಪ್ಪದಲ್ಲಿ ಜಿಪುಣತನ ಸಲ್ಲದು. 5 ಮೀಟರ್ ಉದ್ದದ, 6 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 60 ಆಂಪಿಯರ್ ಹರಿದರೆ ಸುಮಾರು 0.9 ವೋಲ್ಟು ದಾರಿಯಲ್ಲಿಯೇ ನಷ್ಟವಾಗುತ್ತದೆ, ತಂತಿಯೂ ಕಾಯುತ್ತದೆ. 25 ಚದರ ಮಿಲಿಮೀಟರಿನದಾದರೆ ನಷ್ಟವು ಸುಮಾರು 0.2 ವೋಲ್ಟಷ್ಟೆ. ಲೋಹದ ಹಲಗೆಯಲ್ಲಿ ರಂಧ್ರ ಕೊರೆದು ಕೇಬಲ್ಲನ್ನು ದಾಟಿಸುವಲ್ಲಿ ರಬ್ಬರಿನ ಬಳೆಯನ್ನು ತೊಡಿಸುವುದನ್ನು ಮರೆಯಬಾರದು. ತೆರೆದ ಆಮ್ಲದ ಬ್ಯಾಟರಿಯು ತುಂಬುವಾಗ ಜಲಜನಕವನ್ನು ಹೊರಬಿಡುವುದರಿಂದ ಅದನ್ನು ಪ್ರಯಾಣಿಕರ ಬಳಿ ಇಡಬಾರದು. ಒಳಗೆ ಇರಿಸಬೇಕಾದಲ್ಲಿ ಎ.ಜಿ.ಎಂ. ಜಾತಿಯ ಮುಚ್ಚಿದ ಬ್ಯಾಟರಿಯನ್ನು ಆರಿಸಿ, ಉರುಳದಂತೆ ಬಿಗಿದು ಕಟ್ಟಬೇಕು. ಇನ್ನೊಂದು ಮಾತು: ಸಂಜೆ ಖರ್ಚಾದ 48 ಆಂಪಿಯರ್-ಗಂಟೆ ಅರ್ಧ ಗಂಟೆಯ ಪಯಣದಲ್ಲಿ ಮರಳಿ ತುಂಬುವುದಿಲ್ಲ. ಹಲವು ಗಂಟೆಗಳ ಓಟವಾಗಲಿ, ಕೊಠಡಿಯಲ್ಲಿ ಚಾರ್ಜರಾಗಲಿ ಬೇಕೇಬೇಕು.

ಇವೆಲ್ಲವನ್ನೂ ನುರಿತ ಎಲೆಕ್ಟ್ರಿಷಿಯನ್ನರ ಕೈಯಿಂದ ಮಾಡಿಸಿದ ಮೇಲೆ, ಮರುವರ್ಷ ಅದೇ ಹಾಡುಗಾರರನ್ನು ಅದೇ ಹಳ್ಳಿಗೆ ಕರೆತಂದೆವು. ಗುರುಗಳ ಹಾಡನ್ನು ಕೊನೆಯವರೆಗೂ ಕೇಳಿ, ಅಂದು ಅರ್ಧಕ್ಕೆ ನಿಂತಿದ್ದ ಮಾತನ್ನು ಅವರು ಪೂರ್ತಿಗೊಳಿಸಿದರು. ಹಾಡಿನಲ್ಲಿ ಬರುವ, ನಮಗೆ ಅರ್ಥವಾಗದಿದ್ದ ಎರಡು ಸ್ಥಳನಾಮಗಳು ಅಂದು ಸ್ಪಷ್ಟವಾದವು. ಬಳಿಕ ಕೀಲಿಯನ್ನು ತಿರುಗಿಸಿದಾಗ ಎಂಜಿನು ಒಮ್ಮೆಗೇ ಹೊರಟಿತು; ಹತ್ತು ಗಂಟೆಯೊಳಗೆ ಅವರನ್ನು ಮನೆಯ ಬಾಗಿಲಿಗೆ ಬಿಟ್ಟು ಬಂದೆವು. ಕ್ಷೇತ್ರಕಾರ್ಯಕ್ಕೆ ಹೊರಡುವ ಇತರ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಈ ವಿವರಗಳು ಉಪಯುಕ್ತವಾದರೆ ಲೇಖಕನ ಶ್ರಮ ಸಾರ್ಥಕ.