ತಿಂಗಳಿಗೊಮ್ಮೆ ಬರುವ ಫೋನ್ ಕರೆ

ಉಸಿರು ಸಾಲದವರ ಮಾತು ತುಂಡು ತುಂಡಾಗಿ ಬರುತ್ತದೆ. ನಾಲ್ಕು ಪದ, ಒಂದು ಉಸಿರು. ಮತ್ತೆ ಮೂರು ಪದ. ಫೋನಿನಲ್ಲಿ "ಚೆನ್ನಾಗಿದ್ದೀನಿ" ಅಂದರೂ ಮಾತು ಎಲ್ಲಿ ನಿಂತಿತು ಎಂದು ಗಮನಿಸುವ ಕಿವಿಗೆ ಅಸಲು ಸಂಗತಿ ತಿಳಿದುಬಿಡುತ್ತದೆ. ಅಮೆರಿಕದ ಆಲ್ಫಾನೆಟ್ ಎಂಬ ಲಾಭರಹಿತ ಸಂಸ್ಥೆ ಹೀಗೆ ಕೇಳಿಸಿಕೊಳ್ಳುವುದನ್ನೇ ಒಂದು ಕಸುಬಾಗಿ ಬೆಳೆಸಿದೆ. ಅಲ್ಲಿ ಕರೆ ಮಾಡುವ ಸಂಯೋಜಕರೂ ಅದೇ ಕಾಯಿಲೆ ಇರುವವರು.

ಕಾಯಿಲೆ ಆಲ್ಫಾ-1 ಆಂಟಿಟ್ರಿಪ್ಸಿನ್ ಕೊರತೆ. 1963ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್ ಇದನ್ನು ಮೊದಲು ವಿವರಿಸಿದರು. ರಕ್ತದ ಪ್ರೋಟೀನುಗಳನ್ನು ಬಿಡಿಸಿ ನೋಡುವ ಸುಮಾರು 1500 ಪಟ್ಟಿಗಳ ಪೈಕಿ ಐದರಲ್ಲಿ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನಿನ ಗೆರೆಯೇ ಕಾಣೆಯಾಗಿತ್ತು. ಆ ಐವರಲ್ಲಿ ಮೂವರಿಗೆ ಶ್ವಾಸಕೋಶದ ಗಾಳಿಚೀಲಗಳು ಹಾಳಾಗುವ ಎಂಫಿಸೀಮಾ ಇತ್ತು.

ಈ ಪ್ರೋಟೀನು ತಯಾರಾಗುವುದು ಲಿವರಿನಲ್ಲಿ, ಮುಖ್ಯವಾಗಿ ಬೇಕಾಗುವುದು ಶ್ವಾಸಕೋಶಕ್ಕೆ. ಸೋಂಕು ತಗುಲಿದಾಗ ಬಿಳಿ ರಕ್ತಕಣಗಳು ಎಲಾಸ್ಟೇಸ್ ಎಂಬ ಕಿಣ್ವವನ್ನು ಹೊರಬಿಡುತ್ತವೆ. ಅದು ರೋಗಾಣುಗಳ ಜೊತೆಗೆ ನಮ್ಮ ಶ್ವಾಸಕೋಶದ ತೆಳು ಗೋಡೆಗಳನ್ನೂ ಕರಗಿಸಬಲ್ಲದು; ಅದನ್ನು ತಡೆಯುವುದೇ ಆಂಟಿಟ್ರಿಪ್ಸಿನ್. ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದವರಲ್ಲಿ, ಸಾಮಾನ್ಯವಾಗಿ ಕಾಣುವ ತೀವ್ರ ಬಗೆಯಲ್ಲಿ, ಪ್ರೋಟೀನು ಸರಿಯಾಗಿ ಮಡಚಿಕೊಳ್ಳದೆ ಲಿವರಿನಲ್ಲೇ ಸಿಕ್ಕಿಬೀಳುತ್ತದೆ. ಅಲ್ಲಿ ಅದು ಗಾಯ ಮಾಡುತ್ತದೆ, ಇತ್ತ ಶ್ವಾಸಕೋಶಕ್ಕೆ ಕಾವಲಿಲ್ಲ. ಧೂಮಪಾನ ಸೇರಿದರೆ ಹಾನಿ ಬಹಳ ಬೇಗ.

ಆಲ್ಫಾನೆಟ್ ಕಟ್ಟಿದವರಲ್ಲೊಬ್ಬರಾದ ಜಾನ್ ವಾಲ್ಶ್ ಅವರಿಗೆ ತಮಗೆ ಈ ಕಾಯಿಲೆ ಇರುವುದು ಗೊತ್ತಾದದ್ದು 1989ರಲ್ಲಿ. ದಾನಿಗಳ ಪ್ಲಾಸ್ಮಾದಿಂದ ತೆಗೆದ ಪ್ರೋಟೀನನ್ನು ವಾರಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುವ ಚಿಕಿತ್ಸೆಗೆ ಅಮೆರಿಕದಲ್ಲಿ 1987ರಲ್ಲೇ ಅನುಮತಿ ಸಿಕ್ಕಿತ್ತು. ದೇಹತೂಕದ ಪ್ರತಿ ಕಿಲೋಗೆ 60 ಮಿಲಿಗ್ರಾಂ ಲೆಕ್ಕದ ಈ ಔಷಧ ಹಾನಿಯ ವೇಗವನ್ನು ತಗ್ಗಿಸುತ್ತದೆ, ಕಳೆದುಹೋದದ್ದನ್ನು ಮರಳಿ ಕೊಡುವುದಿಲ್ಲ, ಲಿವರಿಗಂತೂ ಉಪಯೋಗವಿಲ್ಲ. 1995ರಲ್ಲಿ ವಾಲ್ಶ್ ಮತ್ತು ಇತರ ರೋಗಿಗಳು ಸೇರಿ ಸಂಶೋಧನೆಗಾಗಿ ಆಲ್ಫಾ-1 ಫೌಂಡೇಶನ್ ಕಟ್ಟಿದರು. ರೋಗಿಗಳ ದಿನನಿತ್ಯದ ಆರೈಕೆಗೆ ಆಲ್ಫಾನೆಟ್ ಹುಟ್ಟಿತು. ಇದು ಗಳಿಸಿ ಉಳಿಸಿದ್ದು ಸಂಶೋಧನೆಗೆ ಹೋಗುತ್ತದೆ. ಈ ಏರ್ಪಾಟಿನ ಬಗ್ಗೆ ನನಗೆ ತುಂಬು ಗೌರವವಿದೆ.

ಇನ್ನು ಸಂಯೋಜಕರು ತಿಂಗಳಿಗೊಮ್ಮೆ ಮಾಡುವ ಆ ಕರೆ. ಔಷಧ ಬಂತೇ, ವಾರ ತಪ್ಪಿತೇ ಎಂಬುದು ಎರಡು ಮಾತಿನಲ್ಲಿ ಮುಗಿಯುವ ವಿಚಾರ. ಕಸುಬು ಕಾಣುವುದು ಕಫದ ಬಣ್ಣ ಕೇಳುವಾಗ. ಹಸಿರು ಬಣ್ಣ ಕೊಡುವುದು ಬಿಳಿ ರಕ್ತಕಣಗಳೊಳಗಿನ ಒಂದು ಕಿಣ್ವ; ಎಲಾಸ್ಟೇಸ್ ಬಿಡುವುದೂ ಅವೇ ಕಣಗಳು. ಬಣ್ಣ ಬದಲಾಯಿತೆಂದರೆ ಗೋಡೆ ಕರಗಿಸುವ ದಂಡು ಶ್ವಾಸಕೋಶಕ್ಕೆ ಇಳಿದಿರುವ ಸೂಚನೆ. ಆಗ ಡಾಕ್ಟರನ್ನು ಕಾಣುವುದನ್ನು ನಾಳೆಗೆ ಹಾಕುವಂತಿಲ್ಲ. ಇದನ್ನು ಹೆದರಿಸದೆ, ಆದರೆ ಹಗುರವಾಗಿ ತೇಲಿಸಿಯೂ ಬಿಡದೆ ಹೇಳಬೇಕು. "ನನಗೂ ಹಾಗಾಗಿತ್ತು" ಎನ್ನಬಲ್ಲವರಿಗೆ ಅದು ಸಾಧ್ಯವಾಗುತ್ತದೆ. ಮೆಟ್ಟಿಲು ಹತ್ತಲಾರದವರ ನಾಚಿಕೆ, ಆಕ್ಸಿಜನ್ ನಳಿಗೆ ಮೂಗಿಗಿಟ್ಟು ಹೊರಗೆ ಹೋಗುವ ಸಂಕೋಚ ಇವುಗಳನ್ನು ಅಂಥವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಇದು ಬರೀ ಸಹಾನುಭೂತಿಯ ಕೆಲಸವಲ್ಲ. ಸಂಯೋಜಕರು ತರಬೇತಿ ಪಡೆದವರು. ಎಲ್ಲಿ ನಿಂತು ವೈದ್ಯರಿಗೆ ಬಿಟ್ಟುಕೊಡಬೇಕು ಎಂಬುದನ್ನು ತಿಳಿದಿರುವುದೂ ಅವರ ವಿದ್ಯೆಯ ಭಾಗವೇ.

ರೋಗಿ ತನ್ನ ಒಡಹುಟ್ಟಿದವರಿಗೆ ವಿಷಯ ತಿಳಿಸುವುದು ಎಲ್ಲಕ್ಕಿಂತ ಕಷ್ಟ. ತಂದೆ ತಾಯಿ ಇಬ್ಬರೂ ದೋಷದ ಜೀನನ್ನು ಒಂದೊಂದು ಹೊತ್ತಿದ್ದರೆ, ಪ್ರತಿ ಮಗುವಿಗೂ ಈ ಕೊರತೆ ಬರುವ ಸಂಭವ ನಾಲ್ಕರಲ್ಲಿ ಒಂದು ಪಾಲು. ವಿಮೆ ಕೈತಪ್ಪೀತು ಎಂದು ಪರೀಕ್ಷೆಗೇ ಹೆದರುವವರಿದ್ದಾರೆ. ಅಂಥವರಿಗಾಗಿ ಫೌಂಡೇಶನ್ನು ಸೌತ್ ಕ್ಯಾರೊಲಿನಾದ ವೈದ್ಯಕೀಯ ವಿಶ್ವವಿದ್ಯಾಲಯದ ಜೊತೆ ಸೇರಿ ಗೋಪ್ಯ ಪರೀಕ್ಷೆಯ ವ್ಯವಸ್ಥೆ ಮಾಡಿತು: ಬೆರಳು ಚುಚ್ಚಿ ತೆಗೆದ ರಕ್ತದ ಹನಿ ಸಾಕು, ಫಲಿತಾಂಶ ತಲುಪುವುದು ಕೊಟ್ಟವರ ಕೈಗೇ.

ದೀರ್ಘಕಾಲದ ಉಸಿರಾಟದ ಕಾಯಿಲೆಯಾದ ಸಿಒಪಿಡಿ ಇರುವ ಪ್ರತಿಯೊಬ್ಬರಿಗೂ ಒಮ್ಮೆಯಾದರೂ ಈ ಪರೀಕ್ಷೆ ಆಗಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಿಮ್ಮ ಮನೆಯಲ್ಲಿ ಬೀಡಿ ಸಿಗರೇಟು ಮುಟ್ಟದವರಿಗೆ ಎಂಫಿಸೀಮಾ ಬಂದಿದ್ದರೆ, ಅಥವಾ ಮಗುವಿನ ಲಿವರ್ ತೊಂದರೆಗೆ ಕಾರಣ ಸಿಗದಿದ್ದರೆ, ಆಲ್ಫಾ-1 ರಕ್ತಪರೀಕ್ಷೆ ಬೇಕೇ ಎಂದು ಡಾಕ್ಟರನ್ನು ದಯವಿಟ್ಟು ಕೇಳಿ. ನಮ್ಮ ದೊಡ್ಡ ಊರುಗಳ ಪ್ರಯೋಗಾಲಯಗಳಲ್ಲೂ ಅದನ್ನು ಮಾಡುತ್ತಾರೆ.