ಎನ್‌ಕ್ವೈರಿ ಎಲ್ಲಿ ಹೋಯಿತು?

ವೆಬ್‌ಸೈಟಿನ ‘ಸಂಪರ್ಕಿಸಿ’ ಪುಟದಲ್ಲಿ ಹೆಸರು, ಫೋನ್ ನಂಬರು, ನಾಲ್ಕು ಸಾಲು ಬರೆದು ಗುಂಡಿ ಒತ್ತಿದರೆ ಹಸಿರು ಬಣ್ಣದಲ್ಲಿ ಒಂದು ವಾಕ್ಯ ಮೂಡುತ್ತದೆ: ‘ಧನ್ಯವಾದಗಳು, ನಿಮ್ಮ ಸಂದೇಶವನ್ನು ಕಳುಹಿಸಲಾಗಿದೆ.’ ಓದಿದವರೆಲ್ಲ ಅದನ್ನು ನಂಬುತ್ತಾರೆ. ಆದರೆ ಅದರ ಅರ್ಥ ಇಷ್ಟೇ: ಫಾರಂ ನಡೆಸುವ ಪ್ರೋಗ್ರಾಂ ಪತ್ರವನ್ನು ಅದೇ ಸರ್ವರಿನ ಇನ್ನೊಂದು ಪ್ರೋಗ್ರಾಮಿನ ಕೈಗೆ ಕೊಟ್ಟಿದೆ, ಅದು ಬೇಡ ಅನ್ನಲಿಲ್ಲ. ಆಮೇಲೆ ಏನಾಯಿತು ಎಂದು ಫಾರಂ ವಿಚಾರಿಸುವುದಿಲ್ಲ.

ಯಲಹಂಕದಲ್ಲಿ ಯಂತ್ರದ ಬಿಡಿಭಾಗ ಮಾಡಿಕೊಡುವ ಸಣ್ಣ ವರ್ಕ್‌ಶಾಪ್ ಒಂದಿದೆ ಎಂದಿಟ್ಟುಕೊಳ್ಳಿ. ಎರಡು ವರ್ಷಕ್ಕೊಮ್ಮೆ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆದಾಗ ಅದರ ಮಾಲೀಕರು ಮಳಿಗೆಯಿಂದ ಮಳಿಗೆಗೆ ಓಡಾಡಿ ವಿಸಿಟಿಂಗ್ ಕಾರ್ಡ್ ಹಂಚಿ ಬರುತ್ತಾರೆ. ಕಾರ್ಡಿನ ಮೇಲೆ ವೆಬ್‌ಸೈಟಿನ ವಿಳಾಸ ಇದೆ. ತಿಂಗಳಾದರೂ ಒಂದು ಎನ್‌ಕ್ವೈರಿ ಇಲ್ಲ. ‘ಮಾರ್ಕೆಟ್ ಡಲ್’ ಅಂದುಕೊಂಡು ಸುಮ್ಮನಾಗುತ್ತಾರೆ. ಲೇತ್ ಕೆಟ್ಟರೆ ಸದ್ದಾಗುತ್ತದೆ, ಫಾರಂ ಕೆಟ್ಟರೆ ಏನೂ ಆಗುವುದಿಲ್ಲ. ವಿಚಾರಿಸಿದ ಗಿರಾಕಿ ಉತ್ತರ ಬರಲಿಲ್ಲವೆಂದು ಬೇರೆ ಕಡೆ ಹೋಗಿರುತ್ತಾನೆ, ಅಷ್ಟೆ.

ಇದರ ಬೇರು ಹುಡುಕಿದರೆ 1982ಕ್ಕೆ ಹೋಗಬೇಕು. ಆ ಆಗಸ್ಟಿನಲ್ಲಿ ಜಾನ್ ಪೋಸ್ಟೆಲ್ ಎಂಬ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಎಸ್‌ಎಂಟಿಪಿ ಎಂಬ ನಿಯಮಾವಳಿಯನ್ನು ಬರೆದು ಪ್ರಕಟಿಸಿದರು. ಎರಡು ಕಂಪ್ಯೂಟರುಗಳು ಪತ್ರ ದಾಟಿಸುವಾಗ ಹೇಗೆ ಮಾತಾಡಬೇಕು ಎಂಬುದೇ ಅದರ ವಿಷಯ. ಇಂದಿಗೂ ಮಾತಿನ ಚೌಕಟ್ಟು ಅದೇ. ಕಳಿಸುವ ಸರ್ವರ್ ‘ಹೆಲೋ, ನಾನು ಇಂಥವನು’ ಅನ್ನುತ್ತದೆ, ಆ ಕಡೆಯದು ‘250’ ಅನ್ನುತ್ತದೆ. ‘ಪತ್ರ ಇಂಥವರಿಂದ’: 250. ‘ಇಂಥವರಿಗೆ’: 250. ‘ಒಕ್ಕಣೆ ಕೊಡಲೇ?’: 354, ಕೊಡು. ಒಕ್ಕಣೆ ಮುಗಿದದ್ದಕ್ಕೆ ಗುರುತಾಗಿ ಒಂದು ಸಾಲಿನಲ್ಲಿ ಬರೀ ಒಂದು ಚುಕ್ಕಿ, ಅದಕ್ಕೂ 250. ಎರಡರಿಂದ ಶುರುವಾಗುವ ಸಂಖ್ಯೆ ಎಂದರೆ ಒಪ್ಪಿಗೆ, ನಾಲ್ಕರಿಂದ ಶುರುವಾದರೆ ‘ಸ್ವಲ್ಪ ಹೊತ್ತು ಬಿಟ್ಟು ಬಾ’, ಐದಾದರೆ ‘ಆಗುವುದಿಲ್ಲ’. ಇಡೀ ಮಾತುಕತೆಯಲ್ಲಿ ಒಮ್ಮೆಯೂ ‘ನೀನು ನಿಜವಾಗಿ ಅವನೇನಾ?’ ಎಂಬ ಪ್ರಶ್ನೆ ಇಲ್ಲ.

ಕೇಳುವ ಅಗತ್ಯವೂ ಆಗ ಇರಲಿಲ್ಲ. ಯಶವಂತಪುರಕ್ಕೆ ತಾಗಿಕೊಂಡಿರುವ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯನ್ನೇ ನೋಡಿ. 1986ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಎರ್ನೆಟ್ ಎಂಬ ಜಾಲ ಶುರುವಾದಾಗ ಅದರಲ್ಲಿದ್ದದ್ದು ಎಂಟೇ ಸಂಸ್ಥೆಗಳು: ಐದು ಐಐಟಿಗಳು, ಮುಂಬೈಯ ಎನ್‌ಸಿಎಸ್‌ಟಿ, ದೆಹಲಿಯ ಎಲೆಕ್ಟ್ರಾನಿಕ್ಸ್ ಇಲಾಖೆ, ಜೊತೆಗೆ ಟಾಟಾ ಇನ್‌ಸ್ಟಿಟ್ಯೂಟ್ ಎಂದೂ ಕರೆಯುವ ನಮ್ಮ ಈ ಸಂಸ್ಥೆ. ಅಲ್ಲಿನ ಹಳಬರ ಮೇಲ್ ವಿಳಾಸ ಬಹುಕಾಲ ‘ಐಐಎಸ್‌ಸಿ ಡಾಟ್ ಎರ್ನೆಟ್ ಡಾಟ್ ಇನ್’ ಎಂದೇ ಮುಗಿಯುತ್ತಿತ್ತು. ಎಂಟು ಮನೆಯ ಬೀದಿಯಲ್ಲಿ ಗುರುತಿನ ಚೀಟಿ ಯಾರು ಕೇಳುತ್ತಾರೆ? 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೂ ಇಂಟರ್‌ನೆಟ್ ಕೊಟ್ಟಿತು, ಬೀದಿ ಊರಾಯಿತು. ಕಳ್ಳರೂ ಬಂದರು. ನಿಯಮಾವಳಿ ಮಾತ್ರ ಹಳೆಯ ಸಲುಗೆಯಲ್ಲೇ ಉಳಿಯಿತು. ಗುರುತು ಪರೀಕ್ಷೆಯನ್ನು ಆಮೇಲೆ ಮೇಲಿನಿಂದ ತೇಪೆ ಹಾಕಬೇಕಾಯಿತು.

ತೇಪೆಗಳು ಮೂರು. ಎಸ್‌ಪಿಎಫ್ ಎಂದರೆ ‘ನನ್ನ ಡೊಮೇನಿನ ಹೆಸರಲ್ಲಿ ಈ ಸರ್ವರುಗಳಷ್ಟೇ ಪತ್ರ ಕಳಿಸಬಹುದು’ ಎಂದು ಡೊಮೇನಿನ ಒಡೆಯ ಡಿಎನ್‌ಎಸ್ ಎಂಬ ಇಂಟರ್‌ನೆಟ್ಟಿನ ವಿಳಾಸಪುಸ್ತಕದಲ್ಲಿ ಬಹಿರಂಗವಾಗಿ ಹಾಕುವ ಪಟ್ಟಿ. ಡಿಕಿಮ್ ಎಂದರೆ ಕಳಿಸುವ ಸರ್ವರ್ ಪತ್ರಕ್ಕೆ ಹಾಕುವ ಗಣಿತದ ರುಜು. ಅದನ್ನು ಪರೀಕ್ಷಿಸುವ ಕೀಲಿಯೂ ಡಿಎನ್‌ಎಸ್‌ನಲ್ಲೇ ಇರುತ್ತದೆ. ಇವೆರಡೂ ಒಂದು ತೊಡಕು ಬಿಟ್ಟಿದ್ದವು. ಅಂಚೆಯ ಹಾಗೆಯೇ ಮೇಲ್‌ಗೂ ಲಕೋಟೆ ಬೇರೆ, ಒಳಗಿನ ಕಾಗದ ಬೇರೆ. ಲಕೋಟೆಯ ಮೇಲೆ ಒಬ್ಬರ ವಿಳಾಸ, ಕಾಗದದ ತಲೆಯಲ್ಲಿ ಇನ್ನೊಬ್ಬರದು ಇರಬಹುದು. ಎಸ್‌ಪಿಎಫ್ ನೋಡುವುದು ಲಕೋಟೆಯನ್ನು, ನಮ್ಮ ಕಣ್ಣಿಗೆ ಬೀಳುವುದು ಕಾಗದ. ಎರಡೂ ತಾಳೆಯಾಗಬೇಕು, ಅಥವಾ ರುಜು ಹಾಕಿದ ಡೊಮೇನಾದರೂ ಕಾಗದದ ಹೆಸರಿಗೆ ತಾಳೆಯಾಗಬೇಕು, ಇಲ್ಲದಿದ್ದರೆ ಹೀಗೆ ಮಾಡಿ ಎಂದು ಹೇಳುವುದು ಮೂರನೆಯದಾದ ಡಿಮಾರ್ಕ್.

ಈಗ ನಮ್ಮ ಫಾರಂಗೆ ಬನ್ನಿ. ಗಿರಾಕಿ ತನ್ನ ಯಾಹೂ ವಿಳಾಸ ತುಂಬುತ್ತಾನೆ. ಮಾಲೀಕರು ‘ರಿಪ್ಲೈ’ ಒತ್ತಿದರೆ ನೇರ ಗಿರಾಕಿಗೇ ಹೋಗಲಿ ಎಂದು ಸೈಟ್ ಮಾಡಿಕೊಟ್ಟ ಹುಡುಗ ಆ ವಿಳಾಸವನ್ನೇ ‘ಫ್ರಮ್’ ಜಾಗದಲ್ಲಿ ಕೂರಿಸಿರುತ್ತಾನೆ. ಉದ್ದೇಶ ಒಳ್ಳೆಯದೇ. ಆದರೆ ಪತ್ರ ಹೊರಟದ್ದು ಯಾವುದೋ ಹೋಸ್ಟಿಂಗ್ ಕಂಪನಿಯ ಸರ್ವರಿನಿಂದ, ಯಾಹೂವಿನಿಂದಲ್ಲ. ತಾಂತ್ರಿಕವಾಗಿ ಅದು ಫೋರ್ಜರಿ. 2014ರ ಏಪ್ರಿಲಿನಲ್ಲಿ ಯಾಹೂ ತನ್ನ ಡಿಮಾರ್ಕ್ ಸೂಚನೆಯನ್ನು ‘ತಾಳೆಯಾಗದಿದ್ದರೆ ತಿರಸ್ಕರಿಸಿ’ ಎಂದು ಬದಲಿಸಿತು. ಹೀಗೆ ಕಟ್ಟಿದ ಫಾರಂಗಳು ಯಾಹೂ ವಿಳಾಸದ ಗಿರಾಕಿಗಳಿಗೆ ಆಗಲೇ ಬಾಗಿಲು ಮುಚ್ಚಿದವು. 2024ರಿಂದ ಗೂಗಲ್ ಕೂಡ ಹೊರಗಿನ ಸರ್ವರಿನಿಂದ ಜಿಮೇಲ್ ಹೆಸರು ಹೊತ್ತು ಬರುವ ಪತ್ರಗಳ ಮೇಲೆ ಬಿಗಿ ಮಾಡಿದೆ. ಕೆಲವರ ಪತ್ರ ಬರುತ್ತದೆ, ಕೆಲವರದು ಬರುವುದಿಲ್ಲ ಎಂಬ ವಿಚಿತ್ರದ ಗುಟ್ಟು ಸಾಮಾನ್ಯವಾಗಿ ಇಲ್ಲೇ ಇರುತ್ತದೆ. ರಿಪೇರಿ ಎರಡು ನಿಮಿಷದ್ದು: ‘ಫ್ರಮ್’ನಲ್ಲಿ ಸ್ವಂತ ಡೊಮೇನಿನ ವಿಳಾಸ, ‘ರಿಪ್ಲೈ ಟು’ನಲ್ಲಿ ಗಿರಾಕಿಯ ವಿಳಾಸ. ರಿಪ್ಲೈ ಒತ್ತಿದರೆ ಆಗಲೂ ಗಿರಾಕಿಗೇ ಹೋಗುತ್ತದೆ.

ಇನ್ನೊಂದು ಕಾಯಿಲೆ ಇದಕ್ಕಿಂತ ತಮಾಷೆಯದು. ವೆಬ್‌ಸೈಟ್ ಒಂದು ಕಡೆ, ಆಫೀಸಿನ ಮೇಲ್ ಇನ್ನೊಂದು ಕಡೆ ಇರುವುದು ಈಗ ಮಾಮೂಲು. ಮೊದಲು ಎರಡೂ ಒಂದೇ ಹೋಸ್ಟಿಂಗ್‌ನಲ್ಲಿದ್ದು, ಆಮೇಲೆ ಮೇಲನ್ನು ಮಾತ್ರ ಗೂಗಲ್‌ಗೋ ಜೋಹೋಗೋ ವರ್ಗಾಯಿಸಿದ್ದರೆ, ಹಳೆಯ ಸರ್ವರಿಗೆ ಆ ಸುದ್ದಿ ಯಾರೂ ಹೇಳಿರುವುದಿಲ್ಲ. ಫಾರಂ ನಿಮ್ಮದೇ ಡೊಮೇನಿನ ವಿಳಾಸಕ್ಕೆ ಪತ್ರ ಬರೆದಾಗ ಆ ಸರ್ವರ್ ‘ಇದು ನಮ್ಮ ಮನೆಯದೇ’ ಎಂದು ಹೊರಗೆ ಕಳಿಸದೆ ತನ್ನಲ್ಲೇ ಇರುವ ಹಳೆಯ ಪೆಟ್ಟಿಗೆಗೆ ಹಾಕುತ್ತದೆ. ಪರೀಕ್ಷೆಗೆಂದು ಜಿಮೇಲ್ ವಿಳಾಸ ಕೊಟ್ಟರೆ ಪತ್ರ ಬರುತ್ತದೆ, ಆಫೀಸಿನ ವಿಳಾಸಕ್ಕೆ ಬರುವುದಿಲ್ಲ. ಹೋಸ್ಟಿಂಗ್ ನಿರ್ವಹಿಸುವ ಸಿಪ್ಯಾನೆಲ್‌ನ ‘ಈಮೇಲ್ ರೌಟಿಂಗ್’ನಲ್ಲಿ ಲೋಕಲ್ ಎಂದಿರುವುದನ್ನು ರಿಮೋಟ್ ಮಾಡಿದರೆ ಮುಗಿಯಿತು. ಮಾಡುವ ಮುಂಚೆ ಆ ಹಳೆಯ ಪೆಟ್ಟಿಗೆಯನ್ನು ವೆಬ್‌ಮೇಲ್‌ನಲ್ಲಿ ಒಮ್ಮೆ ತೆರೆದು ನೋಡಿ, ತಿಂಗಳುಗಟ್ಟಲೆ ಎನ್‌ಕ್ವೈರಿ ಅಲ್ಲಿ ಬಿದ್ದಿರಬಹುದು.

ಉಳಿದವು ಬೇಗ ಹೇಳಿ ಮುಗಿಸುವಂಥವು. ಅಗ್ಗದ ಹೋಸ್ಟಿಂಗ್‌ನಲ್ಲಿ ಒಂದೇ ಐಪಿ ವಿಳಾಸವನ್ನು ಬಹಳಷ್ಟು ಸೈಟುಗಳು ಹಂಚಿಕೊಳ್ಳುತ್ತವೆ. ಒಂದಕ್ಕೆ ಕನ್ನ ಬಿದ್ದು ಸ್ಪ್ಯಾಮ್ ಹೊರಟರೆ ಎಲ್ಲರಿಗೂ ಕೆಟ್ಟ ಹೆಸರು. ಅಮೆಜಾನ್, ಗೂಗಲ್ ಕ್ಲೌಡ್‌ಗಳಲ್ಲಿ ಮೇಲ್ ಹೊರಡುವ 25ನೇ ಪೋರ್ಟ್ ಮುಚ್ಚಿರುವುದೇ ರೂಢಿ, 587 ಬಳಸಬೇಕು. ಜಿಮೇಲ್ ಪಾಸ್‌ವರ್ಡ್ ಹಾಕಿಟ್ಟಿದ್ದ ಹಳೆಯ ಫಾರಂಗಳು 2022ರ ಮೇ 30ರ ನಂತರ ನಿಂತುಹೋದವು, ಈಗ ಪ್ರತ್ಯೇಕ ‘ಆ್ಯಪ್ ಪಾಸ್‌ವರ್ಡ್’ ಬೇಕು. ಒಂದೇ ಡೊಮೇನಿಗೆ ಎರಡು ಎಸ್‌ಪಿಎಫ್ ಸಾಲು ಹಾಕಿದರೆ ಎರಡೂ ಲೆಕ್ಕಕ್ಕಿಲ್ಲ, ಸೇರಿಸಿ ಒಂದೇ ಮಾಡಬೇಕು.

ಮಾಲೀಕರೇ ತಂದುಕೊಳ್ಳುವ ತೊಂದರೆಯೂ ಒಂದಿದೆ. ಬಾಟ್‌ಗಳು ಫಾರಂ ತುಂಬಿ ಸಾಲ, ಲಾಟರಿ ಎಂದು ಕಸ ಕಳಿಸುತ್ತವೆ. ಬೇಸತ್ತು ಪ್ರತಿ ಕಸಕ್ಕೂ ‘ರಿಪೋರ್ಟ್ ಸ್ಪ್ಯಾಮ್’ ಒತ್ತಿದರೆ, ನಿಮ್ಮದೇ ವೆಬ್‌ಸೈಟಿನಿಂದ ಬರುವುದೆಲ್ಲ ಕಸ ಎಂದು ಜಿಮೇಲ್‌ಗೆ ನೀವೇ ಪಾಠ ಹೇಳಿಕೊಟ್ಟಂತೆ. ಬಾಟ್ ತಡೆಯುವ ಕೆಲಸ ಫಾರಂನಲ್ಲೇ ಕ್ಯಾಪ್ಚಾ ಹಾಕಿ ಆಗಬೇಕು.

ಸ್ಪ್ಯಾಮ್ ಫೋಲ್ಡರಿಗಾದರೂ ಒಂದು ಪತ್ರ ಬಿದ್ದಿದ್ದರೆ ಅದೃಷ್ಟ, ರೋಗಪತ್ತೆ ಸುಲಭ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಆ ಪತ್ರದ ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ಆರಿಸಿ. ಮೇಲ್ಗಡೆಯೇ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂದು ಪಟ್ಟಿ ಬರುತ್ತದೆ. ‘ಪಾಸ್’ ಅಲ್ಲದೆ ಬೇರೇನಿದ್ದರೂ ಅಲ್ಲಿಂದಲೇ ಶುರು ಮಾಡಿ. ಪತ್ರವೇ ಇಲ್ಲದಿದ್ದರೆ ಹೋಸ್ಟಿಂಗ್‌ನವರಿಂದ ಮೇಲ್ ಲಾಗ್ ಕೇಳಿ. 250 ಎಂದಿದ್ದರೆ ಹುಡುಕಾಟ ನಿಮ್ಮ ಇನ್‌ಬಾಕ್ಸ್ ಕಡೆ, 5ರಿಂದ ಶುರುವಾದ ಸಂಖ್ಯೆ ಇದ್ದರೆ ಅದರ ಪಕ್ಕದಲ್ಲೇ ಕಾರಣ ಬರೆದಿರುತ್ತದೆ. ಲಾಗ್‌ನಲ್ಲಿ ಆ ಪತ್ರದ ಸುಳಿವೇ ಇಲ್ಲವೆಂದರೆ ಪತ್ರ ಸರ್ವರಿನಿಂದ ಹೊರಟೇ ಇಲ್ಲ, ತಪ್ಪು ಫಾರಂನದ್ದು.

ಎಲ್ಲಕ್ಕಿಂತ ಮೊದಲು ಫಾರಂ ತುಂಬಿದ್ದೆಲ್ಲ ಡೇಟಾಬೇಸಿನಲ್ಲೂ ಒಂದು ಪ್ರತಿ ಉಳಿಯುವಂತೆ ಮಾಡಿಸಿ. ವರ್ಡ್‌ಪ್ರೆಸ್‌ನಲ್ಲಿ ಬಹಳ ಜನ ಬಳಸುವ ಕಾಂಟ್ಯಾಕ್ಟ್ ಫಾರ್ಮ್ 7 ತಾನಾಗಿ ಪ್ರತಿ ಇಡುವುದಿಲ್ಲ. ಅದನ್ನು ಬರೆದ ಟಕಾಯುಕಿ ಮಿಯೋಶಿ ಅವರೇ ಅದಕ್ಕೆಂದು ಫ್ಲೆಮಿಂಗೋ ಎಂಬ ಪುಕ್ಕಟೆ ಪ್ಲಗಿನ್ ಕೊಟ್ಟಿದ್ದಾರೆ. ಹೋಸ್ಟಿಂಗ್, ಮೇಲ್, ಡಿಎನ್‌ಎಸ್ ಇವುಗಳಲ್ಲಿ ಏನು ಬದಲಾದರೂ ಒಂದು ದಿನ ಬಿಟ್ಟು ಜಿಮೇಲ್ ವಿಳಾಸ ಹಾಕಿ ಒಮ್ಮೆ, ಯಾಹೂ ವಿಳಾಸ ಹಾಕಿ ಒಮ್ಮೆ ಫಾರಂ ತುಂಬಿ ನೋಡಿ.